ಎಲ್ಲರೂ ಬಿಟ್ಟ ದ್ರಾಕ್ಷಿಯಿಂದ ವೈನ್: ತೊರ್ತೋನಾದ ತಿಮೊರಾಸ್ಸೊ ಮತ್ತು ನಿಮ್ಮ ಬೆಂಗಳೂರು ಬ್ಲೂ

ಪ್ರಶ್ನೆ: ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಮ್ಮದು ಸಣ್ಣ ತೋಟ. ಒಂದೂವರೆ ಎಕರೆಯಲ್ಲಿ ಅಪ್ಪ ಹಾಕಿದ ಬೆಂಗಳೂರು ಬ್ಲೂ ಚಪ್ಪರ ಇನ್ನೂ ಇದೆ. ಸುತ್ತಮುತ್ತ ಒಬ್ಬೊಬ್ಬರಾಗಿ ದ್ರಾಕ್ಷಿ ಕಿತ್ತುಹಾಕುತ್ತಿದ್ದಾರೆ. ಇಟಲಿಯಲ್ಲಿ ಒಂದು ಸಣ್ಣ ಕುಟುಂಬ, ಊರವರೆಲ್ಲ ಬಿಟ್ಟಿದ್ದ ತಳಿಯನ್ನು ಉಳಿಸಿ ವೈನ್ ಮಾಡಿ ಹೆಸರು ಪಡೆದಿದೆ ಅಂತ ಮಗಳು ಹೇಳುತ್ತಾಳೆ. ನಾವೂ ಸಾವಯವದಲ್ಲಿ ಹಾಗೆ ಮಾಡಬಹುದಾ? ಬೆಂಗಳೂರು ಬ್ಲೂ ವೈನ್‌ಗೆ ಆಗಲ್ಲ, ಕಿತ್ತು ಶಿರಾಜ್ ಅನ್ನುವ ಫ್ರೆಂಚ್ ವೈನ್ ದ್ರಾಕ್ಷಿ ಹಾಕಿ ಅಂತಾರೆ. ಏನು ಮಾಡೋಣ?

ಉತ್ತರ: ಸದ್ಯಕ್ಕೆ ಕೀಳಬೇಡಿ. ಮುಂದಿನ ಎರಡು ಬೆಳೆ ನೋಡಿ ಆಮೇಲೆ ತೀರ್ಮಾನ ಮಾಡಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ಗೊತ್ತಾಗಬೇಕಾದರೆ ನಿಮ್ಮ ಮಗಳು ಹೇಳಿದ ಇಟಲಿಯ ವಿಷಯವನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಅಲ್ಲಿ ಇಂಥ ಕುಟುಂಬಗಳು ಹಲವು ಇವೆ. ನಿಮ್ಮ ಪರಿಸ್ಥಿತಿಗೆ ತೀರ ಹತ್ತಿರದ್ದು ತಿಮೊರಾಸ್ಸೊ ಎಂಬ ಬಿಳಿ ದ್ರಾಕ್ಷಿಯದ್ದು.

ತೊರ್ತೋನಾ ಪಟ್ಟಣ ಇಟಲಿಯ ವಾಯವ್ಯಕ್ಕಿರುವ ಪೀಡ್ಮಾಂಟ್ ಪ್ರಾಂತ್ಯದಲ್ಲಿದೆ, ಅಲೆಸ್ಸಾಂಡ್ರಿಯಾ ಜಿಲ್ಲೆಯಲ್ಲಿ. ಮಿಲಾನ್, ತೂರಿನ್, ಜೆನೋವಾ ಮೂರೂ ದೊಡ್ಡ ನಗರಗಳ ನಡುವೆ ಸಿಕ್ಕಿಕೊಂಡ ಗುಡ್ಡಗಾಡು ಅದು. ಜೇಡಿ ಮತ್ತು ಸುಣ್ಣ ಬೆರೆತ ಬಿಳಿಚು ಮಣ್ಣು. ಭೂವಿಜ್ಞಾನದಲ್ಲಿ 'ತೊರ್ತೋನಿಯನ್' ಅಂತ ಒಂದು ಕಾಲಘಟ್ಟ ಇದೆ, ಸುಮಾರು 116 ಲಕ್ಷ ವರ್ಷದಿಂದ 72 ಲಕ್ಷ ವರ್ಷದ ಹಿಂದಿನದು. ಅದಕ್ಕೆ ಆ ಹೆಸರು ಬಂದಿದ್ದು ಈ ಊರಿನಿಂದಲೇ. ಅದೇ ಪ್ರಾಂತ್ಯದ ಬರೋಲೊ ವೈನ್ ಲೋಕಕ್ಕೆಲ್ಲ ಗೊತ್ತು. ತೊರ್ತೋನಾದ ಹೆಸರನ್ನು ಮಾತ್ರ ನಲವತ್ತು ವರ್ಷದ ಹಿಂದೆ ವೈನ್ ವ್ಯಾಪಾರಿಗಳು ಎತ್ತುತ್ತಲೂ ಇರಲಿಲ್ಲ.

ತಿಮೊರಾಸ್ಸೊ ಈ ಗುಡ್ಡಗಳ ಹಳೇ ತಳಿ. 19ನೇ ಶತಮಾನದಲ್ಲಿ ಎಲ್ಲ ಕಡೆ ಇತ್ತು. ಆಮೇಲೆ ಫಿಲಾಕ್ಸೆರಾ ಬಂತು. ಬೇರಿನ ರಸ ಹೀರುವ ಆ ಸಣ್ಣ ಹುಳು ಯುರೋಪಿನ ತೋಟಗಳನ್ನೇ ಬೋಳಿಸಿತು. ಮತ್ತೆ ಗಿಡ ಹಾಕುವಾಗ ರೈತರು ಬಾರ್ಬೆರಾ, ಕೊರ್ತೇಸೆ ತಳಿಗಳನ್ನು ಹಾಕಿದರು. ಕೊರ್ತೇಸೆ ಹೇಳಿದ ಮಾತು ಕೇಳುವ ಗಿಡ. ಪ್ರತಿ ವರ್ಷ ತೂಕ ಕೊಡುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಳ್ಳಿಯ ಹುಡುಗರು ಕಾರ್ಖಾನೆಗಳಿಗೆ ಹೋದರು. ಉಳಿದವರಿಗೆ ಕಷ್ಟದ ಗಿಡ ಸಾಕುವ ಶಕ್ತಿ ಇರಲಿಲ್ಲ. 1980ರ ಹೊತ್ತಿಗೆ ತಿಮೊರಾಸ್ಸೊ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ, ಬೇರೆ ಬಿಳಿ ತಳಿಗಳ ನಡುವೆ, ಲೆಕ್ಕಕ್ಕೆ ಸಿಗದ ಹಾಗೆ ಉಳಿದಿತ್ತು.

ಅದು ಎಷ್ಟು ಕಷ್ಟದ ಗಿಡ ಅನ್ನೋದು ಗೊಂಚಲು ನೋಡಿದರೆ ತಿಳಿಯುತ್ತದೆ. ಹೂವು ಒಂದೇ ಸಮ ಕಾಯಿ ಕಚ್ಚುವುದಿಲ್ಲ. ಹಾಗಾಗಿ ಒಂದೇ ಗೊಂಚಲಲ್ಲಿ ಗೋಲಿಯಷ್ಟು ದಪ್ಪದ ಹಣ್ಣು, ಪಕ್ಕದಲ್ಲೇ ಮೆಣಸಿನ ಕಾಳಿನಷ್ಟು ಹಣ್ಣು, ನಡುವೆ ಇನ್ನೂ ಹಸಿರಾಗಿಯೇ ಇರುವ ಕಾಯಿ. ಹಣ್ಣಾಗುತ್ತಾ ಬಂದಂತೆ ಕಾಳು ಕಳಚಿ ನೆಲಕ್ಕೆ ಬೀಳುತ್ತದೆ. ಮಳೆ ಬಂದರೆ ಕೊಳೆಯುತ್ತದೆ. ಒಂದು ವರ್ಷ ತುಂಬ ಬರುತ್ತದೆ, ಇನ್ನೊಂದು ವರ್ಷ ಬುಟ್ಟಿಯೂ ತುಂಬುವುದಿಲ್ಲ. ಕಿಲೋ ಲೆಕ್ಕದಲ್ಲಿ ಹಣ್ಣು ಮಾರುವ ರೈತ ಇದನ್ನು ಯಾಕೆ ಇಟ್ಟುಕೊಳ್ಳಬೇಕು? ಬಿಟ್ಟವರನ್ನು ನಾನು ಖಂಡಿತ ತಪ್ಪು ಅನ್ನುವುದಿಲ್ಲ.

ಮೊನ್ಲೆಯಾಲೆ ಅನ್ನುವ ಪುಟ್ಟ ಹಳ್ಳಿಯ ವಾಲ್ಟರ್ ಮಾಸ್ಸಾ ಈ ಲೆಕ್ಕವನ್ನೇ ಬದಲಿಸಿದರು. ಅವರದು 19ನೇ ಶತಮಾನದಿಂದ ವ್ಯವಸಾಯ ಮಾಡಿಕೊಂಡು ಬಂದ ಮನೆ. ಮುಖ್ಯವಾಗಿ ಬಾರ್ಬೆರಾ ಬೆಳೆಯುತ್ತಿದ್ದರು. 1987ರಲ್ಲಿ ತಮ್ಮಲ್ಲಿದ್ದ ಕೆಲವೇ ತಿಮೊರಾಸ್ಸೊ ಗಿಡಗಳ ಹಣ್ಣನ್ನು ಬೇರೆ ಬಿಳಿ ಹಣ್ಣಿನ ಜೊತೆ ಸೇರಿಸದೆ, ಪ್ರತ್ಯೇಕವಾಗಿ ವೈನ್ ಮಾಡಿದರು. ಆ ವೈನ್‌ನಲ್ಲಿ ಮೈಕಟ್ಟು ಇತ್ತು, ಹುಳಿ ಗಟ್ಟಿಯಾಗಿತ್ತು. ಬಾಟಲಿಯಲ್ಲಿ ಇಟ್ಟಷ್ಟೂ ಜೇನು, ಕಲ್ಲು, ಸ್ವಲ್ಪ ಪೆಟ್ರೋಲಿನ ಥರದ ವಾಸನೆ ಬರುತ್ತಾ ಹೋಯಿತು. ರೀಸ್ಲಿಂಗ್ ಅನ್ನುವ ಬಿಳಿ ವೈನ್ ಕುಡಿದು ಗೊತ್ತಿರುವವರಿಗೆ ಆ ವಾಸನೆ ಪರಿಚಯ ಇರುತ್ತದೆ, ಅದು ದೋಷ ಅಲ್ಲ. ಮಾಸ್ಸಾ ಮುಂದೆ ಹೊಸ ಸಾಲುಗಳನ್ನು ಹಾಕಿದರು. ಕೋಸ್ತಾ ದೆಲ್ ವೆಂತೊ, ಸ್ತೆರ್ಪಿ, ಮೊಂತೆಚಿತೋರಿಯೊ ಅನ್ನುವ ಒಂದೊಂದು ಗುಡ್ಡದ ಹಣ್ಣನ್ನೂ ಬೇರೆ ಬೇರೆ ಬಾಟಲಿ ಮಾಡಿದರು.

ಇಲ್ಲಿ ನೀವು ಗಮನಿಸಬೇಕಾದ್ದು ಒಂದಿದೆ. ಹಳೇ ತಳಿ ಅನ್ನುವ ಪ್ರೀತಿಯಿಂದ ಮಾತ್ರ ತಿಮೊರಾಸ್ಸೊ ಬದುಕಲಿಲ್ಲ. ಊರು ಅದನ್ನು ಯಾಕೆ ಬಿಟ್ಟಿತು ಅನ್ನುವುದಕ್ಕೆ ನೇರ ಉತ್ತರ ಸಿಕ್ಕಿದ್ದರಿಂದ ಬದುಕಿತು. ಇಳುವರಿ ಕಮ್ಮಿ, ಆದ್ದರಿಂದ ಕಿಲೋ ಲೆಕ್ಕ ಬಿಟ್ಟು ಬಾಟಲಿ ಲೆಕ್ಕಕ್ಕೆ ಬಂದರು. ಹಣ್ಣು ಸಮ ಆಗಲ್ಲ, ಆದ್ದರಿಂದ ಗೊಂಚಲು ಆರಿಸಿ ಕೊಯ್ದರು. ಎಳೆಯ ವೈನ್ ಬಿಗಿಯಾಗಿರುತ್ತದೆ, ಆದ್ದರಿಂದ ಯೀಸ್ಟ್ ಗಸಿಯ ಮೇಲೆ ತಿಂಗಳುಗಟ್ಟಲೆ ಬಿಟ್ಟು ತಡವಾಗಿ ಮಾರಾಟಕ್ಕೆ ತಂದರು. ಗಿಡದ ಒಂದೊಂದು ದೋಷಕ್ಕೂ ಒಂದೊಂದು ಕೆಲಸ.

ಎರಡನೇ ಸಂಗತಿ ಅಕ್ಕಪಕ್ಕದವರದು. ಮಾಸ್ಸಾ ಒಬ್ಬರೇ ಇದ್ದಿದ್ದರೆ ಅದು ಒಂದು ಮನೆಯ ಹಟವಾಗಿ ಮುಗಿದುಹೋಗುತ್ತಿತ್ತು. ಅವರು ಪಕ್ಕದ ಕಣಿವೆಗಳ ಕುಟುಂಬಗಳನ್ನೂ ಜೊತೆಗೆ ಎಳೆದುಕೊಂಡರು. ಕ್ಲಾವ್ದಿಯೊ ಮಾರಿಯೊತ್ತೊ, ಲಾ ಕೊಲೊಂಬೆರಾ, ದನಿಯೆಲೆ ರಿಚ್ಚಿ, ಹೀಗೆ ಒಂದೊಂದೇ ಸಣ್ಣ ಮನೆ ತಿಮೊರಾಸ್ಸೊ ಹಾಕಿತು. ಬಾಟಲಿ ಮೇಲೆ ತಳಿಯ ಹೆಸರಿಗಿಂತ ಮೇಲೆ 'ದೆರ್ತೋನಾ' ಅಂತ ಬರೆದರು. ಅದು ತೊರ್ತೋನಾ ಊರಿನ ರೋಮನ್ ಕಾಲದ ಹೆಸರು. ಇದರ ಹಿಂದೆ ವ್ಯವಹಾರದ ಬುದ್ಧಿ ಇದೆ. ತಳಿಯನ್ನು ಯಾರು ಎಲ್ಲಿ ಬೇಕಾದರೂ ನೆಡಬಹುದು, ಊರನ್ನು ಕಿತ್ತುಕೊಂಡು ಹೋಗುವುದಕ್ಕೆ ಆಗಲ್ಲ. ಇವತ್ತು ಆ ಗುಡ್ಡಗಳಲ್ಲಿ ನೂರಾರು ಹೆಕ್ಟೇರ್ ತಿಮೊರಾಸ್ಸೊ ಇದೆ. ಬರೋಲೊದ ವಿಯೆತ್ತಿ, ಬೊರ್ಗೋನ್ಯೊದಂಥ ದೊಡ್ಡ ಹೆಸರುಗಳೂ ಅಲ್ಲಿಗೆ ಬಂದಿವೆ.

ಸಾವಯವದ ವಿಷಯಕ್ಕೆ ಅದೇ ಗುಡ್ಡಗಳ ಇನ್ನೊಂದು ಹಳ್ಳಿ ನೋಡಬೇಕು. ಕೋಸ್ತಾ ವೆಸ್ಕೊವಾತೊದಲ್ಲಿ 'ವಾಲ್ಲಿ ಉನೀತೆ' ಅಂತ ಒಂದು ಸಹಕಾರಿ ತೋಟ ಇದೆ. 80ರ ದಶಕದ ಶುರುವಿನಲ್ಲಿ ಕೆಲವು ಯುವ ರೈತರು, ಊರು ಬಿಟ್ಟು ಹೋಗಲ್ಲ ಅಂತ ನಿರ್ಧಾರ ಮಾಡಿ, ತಮ್ಮ ಜಮೀನು ಒಟ್ಟು ಹಾಕಿ ಕಟ್ಟಿದ್ದು. ಮೊದಲಿಂದಲೂ ಸಾವಯವ. ತಿಮೊರಾಸ್ಸೊ ಇದೆ, ಜೊತೆಗೆ ದನ, ಹಂದಿ, ಧಾನ್ಯ, ಬಂದವರಿಗೆ ಊಟ ಹಾಕುವ ಮನೆ. ನನ್ನ ಮಟ್ಟಿಗೆ ಇದು ಮಾಸ್ಸಾ ಅವರದಷ್ಟೇ ಮುಖ್ಯ. ಸಾವಯವ ವೈನ್ ಅಂದರೆ ದ್ರಾಕ್ಷಿ ಒಂದನ್ನೇ ನಂಬಿ ಕೂರುವುದಲ್ಲ. ಮಳೆ ಕೈಕೊಟ್ಟ ವರ್ಷ ದನ, ಧಾನ್ಯ, ಊಟದ ಮನೆ ಸೇರಿ ಸಂಸಾರ ನಡೆಸಬೇಕು.

ಈಗ ನಿಮ್ಮ ಚಪ್ಪರಕ್ಕೆ ಬರೋಣ.

ಬೆಂಗಳೂರು ಬ್ಲೂ ಕಥೆ ತಿಮೊರಾಸ್ಸೊ ಕಥೆಗೆ ಪೂರ್ತಿ ಉಲ್ಟಾ. ಇದು ಸುಲಭದ ಗಿಡ. ನಿಮ್ಮ ಕಡೆ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ಚಿಬ್ಬು ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಸ್ವಂತ ಬೇರಿನ ಮೇಲೆ ದಶಕಗಟ್ಟಲೆ ನಿಲ್ಲುತ್ತದೆ. ಅದಕ್ಕೇ ಅಗ್ಗವಾಯಿತು. ಜ್ಯೂಸ್‌ಗೆ, ಸಿಹಿ ವೈನ್‌ಗೆ, ಬೀದಿಯ ಗಾಡಿಗೆ. ಬೀಜ ಇಲ್ಲದ ಹಣ್ಣು ಬಂದ ಮೇಲೆ ತಿನ್ನುವವರೂ ಕಮ್ಮಿಯಾದರು. ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಬಂದ ಮೇಲೆ ಭೂಮಿಯ ಬೆಲೆ ಎಲ್ಲಿಗೆ ಹೋಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಂದರೆ ಈ ಗಿಡವನ್ನು ಜನ ಬಿಡುತ್ತಿರುವುದು ಅದು ಕಷ್ಟ ಅಂತ ಅಲ್ಲ, ಅದಕ್ಕೆ ಬೆಲೆ ಇಲ್ಲ ಅಂತ. ಹಾಗಾಗಿ ಮಾಸ್ಸಾ ಮಾಡಿದ್ದನ್ನು ಹಾಗೇ ನಕಲು ಮಾಡಿದರೆ ಪ್ರಯೋಜನ ಇಲ್ಲ. ನಿಮ್ಮ ಗಿಡದ ದೋಷಕ್ಕೆ ನೀವೇ ಉತ್ತರ ಕಂಡುಕೊಳ್ಳಬೇಕು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಬೆಂಗಳೂರು ಬ್ಲೂ ನಮ್ಮ ಮಣ್ಣಿನಲ್ಲಿ ಹುಟ್ಟಿದ್ದಲ್ಲ. ಅದರ ಇನ್ನೊಂದು ಹೆಸರು ಇಸಾಬೆಲ್ಲಾ. ಅಮೆರಿಕದ ಕಾಡು ದ್ರಾಕ್ಷಿ ಲಬ್ರುಸ್ಕಾ ಮತ್ತು ಯುರೋಪಿನ ದ್ರಾಕ್ಷಿ ಕೂಡಿ ಆದ ತಳಿ, ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದಿದ್ದು. ಹಾಗಂತ ಅದು ನಮ್ಮದಲ್ಲ ಅಂತ ನಾನು ಒಪ್ಪುವುದಿಲ್ಲ. ಮೆಣಸಿನಕಾಯಿ ಎಲ್ಲಿಂದ ಬಂತು ಹೇಳಿ? ತಲೆಮಾರುಗಳಿಂದ ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಕೆಂಪು ಮಣ್ಣಿನಲ್ಲಿ ಇಲ್ಲಿನ ಜನ ಬೆಳೆಸಿದ್ದಾರೆ. 2013ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ.

'ವೈನ್‌ಗೆ ಆಗಲ್ಲ' ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ. ಫ್ರಾನ್ಸ್ 1930ರ ದಶಕದಲ್ಲಿ ಆರು ಅಮೆರಿಕನ್ ಮೂಲದ ತಳಿಗಳ ಮೇಲೆ ನಿಷೇಧ ಹಾಕಿತು, ಇಸಾಬೆಲ್ಲಾ ಅದರಲ್ಲೊಂದು. ಯುರೋಪಿನಲ್ಲಿ ಇವತ್ತಿಗೂ ಅದಕ್ಕೆ ನಿರ್ಬಂಧ ಇದೆ. ಆದರೆ ಆಸ್ಟ್ರಿಯಾದ ಬುರ್ಗೆನ್‌ಲಾಂಡ್‌ನಲ್ಲಿ ಇಂಥ ತಳಿಗಳಿಂದಲೇ 'ಉಹುಡ್ಲರ್' ಮಾಡುತ್ತಾರೆ. ಅದು ಆ ಊರಿನ ಹೆಮ್ಮೆ. ಬ್ರೆಜಿಲ್‌ನ ದಕ್ಷಿಣದಲ್ಲಂತೂ ಇಸಾಬೆಲ್ಲಾ ರಾಶಿ ರಾಶಿ ಬೆಳೆಯುತ್ತದೆ. ಅಲ್ಲಿನ ಕೆಂಪು ದ್ರಾಕ್ಷಿ ರಸಕ್ಕೆ ಮತ್ತು ದಿನಬಳಕೆಯ ವೈನ್‌ಗೆ ಅದೇ ಆಧಾರ.

ಒಂದು ಕೆಲಸ ಮಾಡಿ ನೋಡಿ. ಒಂದು ಹಣ್ಣನ್ನು ಬೆರಳ ನಡುವೆ ಒತ್ತಿ. ಸಿಪ್ಪೆ ಕೈಯಲ್ಲೇ ಉಳಿಯುತ್ತದೆ, ಒಳಗಿನ ತಿರುಳು ಬೀಜದ ಸಮೇತ ಒಂದೇ ಉಂಡೆಯಾಗಿ ಜಾರಿ ಬರುತ್ತದೆ. ಆ ಉಂಡೆ ಲೋಳೆ ಲೋಳೆ, ಅದು ಪೆಕ್ಟಿನ್. ಬಣ್ಣ ಮತ್ತು ಆ ಘಾಟು ಪರಿಮಳದ ಬಹುಪಾಲು ಸಿಪ್ಪೆಯ ಹತ್ತಿರ. ತಿರುಳಿನ ನಟ್ಟನಡುವೆ ಒಳ್ಳೆ ಹುಳಿ. ಈ ಒಂದು ಹಣ್ಣಿನಲ್ಲೇ ಯಾವ ವೈನ್ ಮಾಡಬೇಕು, ಯಾವುದು ಮಾಡಬಾರದು ಅನ್ನೋದು ಇದೆ. ಸಿಪ್ಪೆ ಜೊತೆ ವಾರಗಟ್ಟಲೆ ಇಟ್ಟು ಕೆಂಪು ವೈನ್ ಮಾಡಿದರೆ ಕ್ಯಾಂಡಿಯ ಘಾಟು ಎದ್ದು ನಿಲ್ಲುತ್ತದೆ. ಅದನ್ನು ಮುಚ್ಚುವುದಕ್ಕೆ ಸಕ್ಕರೆ ಸುರಿಯುತ್ತಾರೆ. ನಮ್ಮಲ್ಲಿ ಈ ಹಣ್ಣಿಗೆ ಕೆಟ್ಟ ಹೆಸರು ಬಂದಿದ್ದು ಹಾಗೇ ಅಂತ ನನ್ನ ಅಭಿಪ್ರಾಯ.

ನನ್ನ ಸಲಹೆ ಕೆಂಪು ವೈನ್ ಬಿಡಿ. ಗೊಂಚಲನ್ನು ಜಜ್ಜದೆ ಇಡಿಯಾಗಿ ಪ್ರೆಸ್‌ಗೆ ಹಾಕಿ ಮೆಲ್ಲಗೆ ಹಿಂಡಿಸಿ, ತಿಳಿ ಗುಲಾಬಿ ಬಣ್ಣದ ರಸ ತೆಗೆಸಿ. ಪೆಕ್ಟಿನ್ ಇರುವುದರಿಂದ ರಸ ಬೇಗ ತಿಳಿಯಾಗಲ್ಲ, ಪೆಕ್ಟಿನೇಸ್ ಎನ್ಜೈಮ್ ಹಾಕಬೇಕಾಗುತ್ತದೆ. ಪೆಕ್ಟಿನ್ ಜಾಸ್ತಿ ಇರುವ ಹಣ್ಣಿನ ವೈನ್‌ನಲ್ಲಿ ಮೆಥನಾಲ್ ಅನ್ನುವ ವಿಷದ ಆಲ್ಕೊಹಾಲ್ ಸ್ವಲ್ಪ ಏರುತ್ತದೆ. ಹೆದರುವ ಮಟ್ಟ ಅಲ್ಲ, ಆದರೂ ಪ್ರತಿ ಬ್ಯಾಚನ್ನೂ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಲೇಬೇಕು. ಸ್ಟೀಲ್ ಟ್ಯಾಂಕಿನಲ್ಲಿ ತಣ್ಣಗೆ ಹುದುಗಿಸಬೇಕು. ಮರದ ಪೀಪಾಯಿ ಬೇಡ.

ಇನ್ನು ಸಕ್ಕರೆಯ ಅಂಶ. ಬ್ರಿಕ್ಸ್ ಅಂದರೆ ರಸದಲ್ಲಿರುವ ಸಕ್ಕರೆಯ ಅಳತೆ; ಈ ಹಣ್ಣು ಸಾಮಾನ್ಯವಾಗಿ 16–18 ಬ್ರಿಕ್ಸ್‌ಗೆ ನಿಲ್ಲುತ್ತದೆ. ಬ್ರಿಕ್ಸನ್ನು 0.55ರಿಂದ ಗುಣಿಸಿದರೆ ಆಲ್ಕೊಹಾಲ್ ಅಂದಾಜು ಸಿಗುತ್ತದೆ, ಅಂದರೆ ಸುಮಾರು 9ರಿಂದ 10 ಶೇಕಡ. ಕೆಂಪು ವೈನ್ ಮಾಡುವವರಿಗೆ ಇದು ದೊಡ್ಡ ಕೊರತೆ. ಆದರೆ ನೊರೆ ವೈನ್ ಮಾಡುವವರು ಹುಡುಕುವುದೇ ಇದನ್ನು: ಆಲ್ಕೊಹಾಲ್ ಕಮ್ಮಿ, ಹುಳಿ ಜಾಸ್ತಿ. ನೊರೆ ಬರಲಿ ಅಂತ ಬಾಟಲಿಯೊಳಗೆ ಎರಡನೇ ಸಲ ಹುದುಗಿಸುವಾಗ ಆಲ್ಕೊಹಾಲ್ ಇನ್ನೊಂದು ಶೇಕಡದಷ್ಟು ಏರುತ್ತದಲ್ವಾ, ಅದಕ್ಕೆ ಮೊದಲೇ ಜಾಗ ಇರಬೇಕು. ಜೊತೆಗೆ, ಹಣ್ಣು ತೀರ ಕಳಿಯುವ ಮೊದಲೇ ಕೊಯ್ದರೆ ಆ ಘಾಟು ವಾಸನೆಯೂ ತಗ್ಗುತ್ತದೆ. ಸಿಹಿ ಇಲ್ಲದ, ಗುಲಾಬಿ ಬಣ್ಣದ, ತಣ್ಣಗೆ ಕುಡಿಯುವ, ಅದೇ ವರ್ಷ ಮುಗಿಸುವ ನೊರೆ ವೈನ್. ಬೆಂಗಳೂರು ಬ್ಲೂ ನಿಜವಾಗಿ ಚೆನ್ನಾಗಿ ಮಾಡಬಲ್ಲದ್ದು ಅದು ಅಂತ ನಾನು ನಂಬಿದ್ದೇನೆ.

ಎರಡು ಬೆಳೆಯಲ್ಲಿ ಒಂದನ್ನು ಮಾತ್ರ ವೈನ್‌ಗೆ ಇಟ್ಟುಕೊಳ್ಳಿ, ಒಣ ಹವೆಯಲ್ಲಿ ಹಣ್ಣಾಗುವುದನ್ನು. ಮಳೆಗಾಲದ್ದು ಮಾರ್ಕೆಟ್‌ಗೋ ಜ್ಯೂಸ್‌ಗೋ ಹೋಗಲಿ. ವೈನ್ ಬೆಳೆಯಲ್ಲಿ ಕಾಯಿ ಕಚ್ಚಿದ ಮೇಲೆ ಮೂರರಲ್ಲಿ ಒಂದು ಗೊಂಚಲು ಕತ್ತರಿಸಿ ತೆಗೆಯಿರಿ. ಮನಸ್ಸಿಗೆ ಕಷ್ಟ ಆಗುತ್ತದೆ, ಗೊತ್ತು. ಉಳಿದ ಹಣ್ಣು ಒಟ್ಟಿಗೆ ಮಾಗುವುದಕ್ಕೆ ಬೇರೆ ದಾರಿ ಇಲ್ಲ.

ಸಾವಯವದಲ್ಲಿ ನಿಮಗೆ ನಿಜವಾದ ಎದುರಾಳಿ ಡೌನಿ, ಅಂದರೆ ಬೂಜು ತುಪ್ಪಟ ರೋಗ. ಅದಕ್ಕೆ ಸಾವಯವದವರ ಕೈಯಲ್ಲಿರುವುದು ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ ಎರಡೂ ಹಳೇ ಸಾಮಾನು, ಅದಕ್ಕೇ ಜನ ಅಳತೆ ಇಲ್ಲದೆ ಹೊಡೆಯುತ್ತಾರೆ. ತಾಮ್ರ ಮಣ್ಣಿನಿಂದ ಎಲ್ಲಿಗೂ ಹೋಗುವುದಿಲ್ಲ, ಕೂತುಬಿಡುತ್ತದೆ, ಎರೆಹುಳುವಿಗೆ ಆಗಲ್ಲ. ಯುರೋಪಿನ ಮಿತಿ 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ. ವರ್ಷಕ್ಕೆ 4 ಕಿಲೋ ಅಂದುಕೊಂಡರೆ ಎಕರೆಗೆ 1.6 ಕಿಲೋ ಆಯಿತು. ಲೆಕ್ಕ ಹಾಕಿ: ಶೇ. 1ರ ಬೋರ್ಡೋ 200 ಲೀಟರಿಗೆ ಮೈಲುತುತ್ತ 2 ಕಿಲೋ, ಅದರಲ್ಲಿ ತಾಮ್ರ ಸುಮಾರು ಅರ್ಧ ಕಿಲೋ. ಎಕರೆಗೆ 200 ಲೀಟರ್ ಹೊಡೆದರೂ ಮೂರೇ ಸಲಕ್ಕೆ ವರ್ಷದ ಮಿತಿ ಮುಗಿಯಿತು. ಆದ್ದರಿಂದ ಶೇ. 0.5ರ ದ್ರಾವಣ ಬಳಸಿ, ಚಿಗುರು ಮತ್ತು ಹೂವಿನ ಹೊತ್ತಿಗೆ ಉಳಿಸಿಟ್ಟುಕೊಳ್ಳಿ. ಬಾಕಿ ಕೆಲಸ ಗಾಳಿ ಮಾಡಬೇಕು. ಅಪ್ಪನ ಕಾಲದ ಚಪ್ಪರ ತುಂಬ ದಟ್ಟ ಇರುತ್ತದೆ. ಚಪ್ಪರದ ಕೆಳಗೆ ನಿಂತು ಮೇಲೆ ನೋಡಿದರೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ನೆಲಕ್ಕೆ ಬೀಳಬೇಕು. ಪೂರ್ತಿ ಕತ್ತಲೆ ಇದ್ದರೆ ಎಲೆ, ಬಗಲ ಚಿಗುರು ತೆಗೆಸಿ.

ಸಾವಯವ ಪ್ರಮಾಣಪತ್ರಕ್ಕೆ ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷದ ಪರಿವರ್ತನೆ ಅವಧಿ ಬೇಕು. ಆ ಮೂರು ವರ್ಷ ಖರ್ಚು ಸಾವಯವದ್ದು, ಬೆಲೆ ಮಾಮೂಲಿನದ್ದು. ಕನಿಷ್ಠ ಐದು ಮನೆ ಸೇರಿದರೆ ಪಿಜಿಎಸ್ ಗುಂಪು (ರೈತರೇ ಒಬ್ಬರ ತೋಟ ಒಬ್ಬರು ನೋಡಿ ಖಾತ್ರಿ ಕೊಡುವ ವ್ಯವಸ್ಥೆ) ಮಾಡಿಕೊಳ್ಳಬಹುದು, ಖರ್ಚು ತುಂಬ ಇಳಿಯುತ್ತದೆ.

ಶಿರಾಜ್ ಹಾಕುವ ವಿಷಯ. ನಂದಿ ಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿ ಬರುತ್ತದೆ ಅಂತ ಗ್ರೋವರ್ ಕುಟುಂಬ 80ರ ದಶಕದಲ್ಲೇ ಶುರು ಮಾಡಿ ತೋರಿಸಿದೆ. ಹಾಗಾಗಿ ಬರಲ್ಲ ಅಂತ ನಾನು ಹೇಳಲಾರೆ. ಆದರೆ ಬೇರುಗಿಡಕ್ಕೆ ಕಸಿ ಮಾಡಿಸಬೇಕು, ಹೊಸ ತಂತಿ ಎಳೆಸಬೇಕು, ಔಷಧಿ ಜಾಸ್ತಿ, ಫಲಕ್ಕೆ ಎರಡು–ಮೂರು ವರ್ಷ ಕಾಯಬೇಕು. ಅಷ್ಟೆಲ್ಲ ಮಾಡಿ ಒಂದೂವರೆ ಎಕರೆ ಶಿರಾಜ್ ಇಟ್ಟುಕೊಂಡು ನಾಸಿಕ್‌ನ ದೊಡ್ಡ ಕಂಪನಿಗಳ ಎದುರು ನಿಲ್ಲಬೇಕು. ಅವರ ಶಿರಾಜ್ ಬಿಟ್ಟು ನಿಮ್ಮದನ್ನೇ ಯಾರು ಕೇಳಿಕೊಂಡು ಬರುತ್ತಾರೆ? ಹೊಸದೇನಾದರೂ ಹಾಕಲೇಬೇಕು ಅನ್ನಿಸಿದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಹೋಗಿ 'ಅರ್ಕಾ ಶ್ಯಾಮ್' ಬಗ್ಗೆ ಕೇಳಿ. ಬೆಂಗಳೂರು ಬ್ಲೂ ಮತ್ತು ಬ್ಲ್ಯಾಕ್ ಚಂಪಾ ಕೂಡಿಸಿ ಮಾಡಿದ ತಳಿ, ವೈನ್‌ಗೂ ಸರಿಹೊಂದುತ್ತದೆ. ಒಂದೆರಡು ಸಾಲು ಹಾಕಿ ನೋಡಬಹುದು.

ವೈನರಿ ಕಟ್ಟುವ ಮಾತು ಈಗ ಎತ್ತಬೇಡಿ. ಕರ್ನಾಟಕದಲ್ಲಿ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದ ಮೇಲೆ ದಾರಿ ಸುಲಭವಾಗಿದೆ ನಿಜ, ಆದರೂ ಅಬಕಾರಿ ಲೈಸೆನ್ಸ್, ಟ್ಯಾಂಕು, ಕೂಲಿಂಗ್, ಲ್ಯಾಬ್ ಎಲ್ಲ ಸೇರಿ ಒಂದೂವರೆ ಎಕರೆಯ ಆದಾಯಕ್ಕೆ ಅದು ಭಾರ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡಿ ಮಾರುವ ಯೋಚನೆ ಸುತರಾಂ ಬೇಡ. ಲೈಸೆನ್ಸ್ ಇರುವ ಹತ್ತಿರದ ಸಣ್ಣ ವೈನರಿಯನ್ನು ಹಿಡಿಯಿರಿ. ನಿಮ್ಮ ಹಣ್ಣನ್ನು ಬೇರೆಯವರದ್ದರ ಜೊತೆ ಬೆರೆಸದೆ ಒಂದು ಸಣ್ಣ ಟ್ಯಾಂಕ್ ಮಾಡಿಕೊಡಿ ಅಂತ ಕೇಳಿ. ಒಪ್ಪಂದ ಬರೆದುಕೊಳ್ಳಿ. ಮಾಸ್ಸಾ ಮೊದಲ ಸಲ ಮಾಡಿದ್ದೂ ಇಷ್ಟೇ ಅಲ್ವಾ, ಹಣ್ಣನ್ನು ಬೇರೆ ಇಟ್ಟಿದ್ದು.

ನಾಳೆಯಿಂದಲೇ ಶುರು ಮಾಡಬಹುದಾದ ಕೆಲಸ ಒಂದಿದೆ, ಮಗಳಿಗೆ ವಹಿಸಿ. ಒಂದು ನೋಟ್‌ಬುಕ್, ಬಣ್ಣದ ಪ್ಲಾಸ್ಟಿಕ್ ಟೇಪ್, ಬ್ರಿಕ್ಸ್ ಅಳೆಯುವ ಒಂದು ಕೈ ರಿಫ್ರ್ಯಾಕ್ಟೋಮೀಟರ್ ಸಾಕು. ಹಳೇ ತೋಟದಲ್ಲಿ ಎಲ್ಲ ಗಿಡ ಒಂದೇ ಥರ ಇರುವುದಿಲ್ಲ. ಕೆಲವು ಒಟ್ಟಿಗೆ ಹಣ್ಣಾಗುತ್ತವೆ, ಕೆಲವು ಹಸಿರು ಕಾಯಿ ಉಳಿಸಿಕೊಳ್ಳುತ್ತವೆ, ಕೆಲವಕ್ಕೆ ಡೌನಿ ಮೊದಲು ಬರುತ್ತದೆ. ಒಟ್ಟಿಗೆ ಮಾಗುವ, ರೋಗ ಕಮ್ಮಿ ಇರುವ ಗಿಡಕ್ಕೆ ಹಸಿರು ಟೇಪ್ ಕಟ್ಟಲಿ. ಎಲೆ ಕೆಳಕ್ಕೆ ಮುದುರಿಕೊಂಡು ಬಣ್ಣ ತಿರುಗಿದ ಗಿಡಕ್ಕೆ ಕೆಂಪು, ಅದರಲ್ಲಿ ವೈರಸ್ ಇರಬಹುದು. ಎರಡು ಬೆಳೆ ಹೀಗೆ ಬರೆದಿಟ್ಟ ಮೇಲೆ ಚಾಟ್ನಿ (ಬಳ್ಳಿ ಸವರುವ) ಹೊತ್ತಿಗೆ ಹಸಿರು ಟೇಪಿನ ಗಿಡದಿಂದ ಮಾತ್ರ ಕಡ್ಡಿ ತೆಗೆದು ಬೇರು ಬಿಡಿಸಿ, ಖಾಲಿ ಬಿದ್ದ ಗುಂಡಿಗಳಿಗೆ ಹಾಕಿ. ಪಕ್ಕದ ತೋಟ ಕೀಳುವವರಿದ್ದರೆ ಕೀಳುವ ಮೊದಲೇ ಹೋಗಿ ಅವರ ಒಳ್ಳೆ ಗಿಡಗಳ ಕಡ್ಡಿಯನ್ನೂ ಕೇಳಿ ತಂದಿಟ್ಟುಕೊಳ್ಳಿ. ಜೆಸಿಬಿ ಬಂದ ಮೇಲೆ ಸಿಗಲ್ಲ.

ಒಣ ಹವೆಯ ಬೆಳೆ ಮಾಗುವ ಕೊನೆಯ ಮೂರು ವಾರ, ವಾರಕ್ಕೆರಡು ಸಲ, ಬೇರೆ ಬೇರೆ ಸಾಲುಗಳಿಂದ ನೂರು ಕಾಳು ಕಿತ್ತು ರಸ ಹಿಂಡಿ ಬ್ರಿಕ್ಸ್ ನೋಡಿ. ಹುಳಿ ಮತ್ತು ಪಿಎಚ್ ಅನ್ನು ವೈನರಿಯವರ ಲ್ಯಾಬ್‌ನಲ್ಲಿ ಅಳೆಸಿ. ಆ ಮೂರು ಅಂಕಿಗಳನ್ನು ನನಗೆ ಬರೆದು ಕಳಿಸಿ. ಕೊಯ್ಲಿಗೆ ಯಾವ ದಿನ ಅಂತ ಕೂತು ಲೆಕ್ಕ ಹಾಕೋಣ.